ಕಂಪ್ಯೂಟರ್ ಪ್ರಶ್ನೋತ್ತರ: ಗುರುತಿಲ್ಲದ ತಂತ್ರಾಂಶವನ್ನು ಎಲ್ಲಿ ಓಡಿಸಿ ನೋಡುವುದು?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ದಿನದ ಕೆಲಸದ ಕಂಪ್ಯೂಟರ್ ಕೆಡದಂತೆ ಹೊಸ ತಂತ್ರಾಂಶವನ್ನು ಪರೀಕ್ಷಿಸುವುದು ಹೇಗೆ, ಹಳೆಯದನ್ನು ಹೊಸ ಯಂತ್ರದಲ್ಲಿ ನಡೆಸುವುದು ಹೇಗೆ ಎಂಬುದೇ ಎಲ್ಲರ ಚಿಂತೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸಣ್ಣ ಸೈಬರ್ ಸೆಂಟರ್. ಪಿಡಿಎಫ್ ಜೋಡಿಸಲು, ಫೋಟೊ ಸೈಜ್ ಇಳಿಸಲು ಉಚಿತ ತಂತ್ರಾಂಶ ಹುಡುಕಿ ಹಾಕುತ್ತೇವೆ. ಒಂದನ್ನು ಹಾಕಿದರೆ ಜೊತೆಗೆ ಇನ್ನೆರಡು ಬಂದು ಕೂರುತ್ತವೆ, ಬ್ರೌಸರ್‌ನ ಮುಖಪುಟವೂ ಬದಲಾಗಿರುತ್ತದೆ. ಮೊದಲು ಬೇರೆ ಕಡೆ ಓಡಿಸಿ ನೋಡಿ, ಆಮೇಲೆ ಹಾಕುವ ದಾರಿ ಇದೆಯೇ? ಯಂತ್ರದಲ್ಲಿ ವಿಂಡೋಸ್ 11 ಹೋಮ್, 8 ಜಿಬಿ ರ‍್ಯಾಮ್ ಇದೆ.
— ಸೈಬರ್ ಸೆಂಟರ್ ಮಾಲೀಕರು, ಸಕಲೇಶಪುರ

ಉತ್ತರ: ಇದೆ, ಬೇರೆ ಕಂಪ್ಯೂಟರ್ ಬೇಕಿಲ್ಲ. ಪ್ರೋಗ್ರಾಂ ಹೊರಗಿನದನ್ನು ಕೆಡಿಸದಂತೆ ಬೇರ್ಪಡಿಸಿ ಓಡಿಸುವ ಜಾಗಕ್ಕೆ 'ಸ್ಯಾಂಡ್‌ಬಾಕ್ಸ್' ಎನ್ನುತ್ತಾರೆ. ವಿಂಡೋಸ್‌ನದೇ ಆದ 'ವಿಂಡೋಸ್ ಸ್ಯಾಂಡ್‌ಬಾಕ್ಸ್' 2019ರಲ್ಲಿ ವಿಂಡೋಸ್ 10ರ 1903 ಆವೃತ್ತಿಯ ಜೊತೆ ಬಂತು. ಆದರೆ ಅದು ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಿಗೆ ಮಾತ್ರ, ಹೋಮ್‌ನಲ್ಲಿ ಸಿಗುವುದಿಲ್ಲ. ನಿಮ್ಮ ಯಂತ್ರಕ್ಕೆ ಸರಿಹೋಗುವುದು 'ಸ್ಯಾಂಡ್‌ಬಾಕ್ಸಿ ಪ್ಲಸ್'. ಅದರ ಮೂಲವಾದ ಸ್ಯಾಂಡ್‌ಬಾಕ್ಸಿ 2004ರಿಂದಲೂ ಇರುವ ತಂತ್ರಾಂಶ. ಕೈಯಿಂದ ಕೈಗೆ ಬದಲಾಗಿ ಸೋಫೋಸ್ ಕಂಪನಿಗೆ ಬಂತು, 2020ರಲ್ಲಿ ಅದರ ಮೂಲ ಸಂಕೇತವೂ ಮುಕ್ತವಾಯಿತು. ಅನುಸ್ಥಾಪನೆಯ ವೇಳೆ ಸ್ವಂತ ಬಳಕೆಯೋ ವ್ಯಾಪಾರದ ಬಳಕೆಯೋ ಎಂದು ಕೇಳುತ್ತದೆ. ನಿಮ್ಮದು ವ್ಯಾಪಾರ, ಹಾಗೆಯೇ ಆರಿಸಿ ಅದರ ಪರವಾನಗಿಯ ಷರತ್ತು ಓದಿಕೊಳ್ಳಿ.

ಅದು ಕೆಲಸ ಮಾಡುವ ಬಗೆ ಹೀಗೆ: ಬಾಕ್ಸಿನೊಳಗೆ ಓಡುವ ಪ್ರೋಗ್ರಾಂ 'ಪ್ರೋಗ್ರಾಂ ಫೈಲ್ಸ್'ನಲ್ಲಿ ಒಂದು ಫೈಲ್ ಬರೆಯಲು ಹೊರಟರೆ, ಸ್ಯಾಂಡ್‌ಬಾಕ್ಸಿ ಅದನ್ನು ತಡೆದು ಸಿ ಡ್ರೈವಿನ 'ಸ್ಯಾಂಡ್‌ಬಾಕ್ಸ್' ಫೋಲ್ಡರಿನೊಳಗೆ ಬರೆಸುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಗೆ ಬರೆದದ್ದು ಅಲ್ಲೇ 'ರೆಗ್‌ಹೈವ್' ಎಂಬ ಫೈಲಿಗೆ ಹೋಗುತ್ತದೆ. ತಾನು ನಿಜವಾದ ಜಾಗದಲ್ಲೇ ಬರೆದೆ ಎಂದು ಪ್ರೋಗ್ರಾಂ ತಿಳಿದುಕೊಳ್ಳುತ್ತದೆ. ಬಾಕ್ಸ್ ಅಳಿಸಿದರೆ ಎಲ್ಲವೂ ಹೋಯಿತು.

ಡೌನ್‌ಲೋಡ್ ಮಾಡಿದ ಸೆಟಪ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಸ್ಯಾಂಡ್‌ಬಾಕ್ಸ್ಡ್' ಆರಿಸಿ, 'ಡೀಫಾಲ್ಟ್ ಬಾಕ್ಸ್' ಒತ್ತಿ. ಕಿಟಕಿಯ ಸುತ್ತ ಹಳದಿ ಅಂಚು ಕಂಡರೆ ಅದು ಒಳಗೇ ಓಡುತ್ತಿದೆ ಎಂದರ್ಥ. ಎಂದಿನಂತೆ ಅನುಸ್ಥಾಪಿಸಿ, ಒಂದು ಪಿಡಿಎಫ್ ಜೋಡಿಸಿ ನೋಡಿ, ಮುಚ್ಚಿ. ಪರೀಕ್ಷೆ ಶುರುವಾಗುವುದು ಈಗ. ಸ್ಯಾಂಡ್‌ಬಾಕ್ಸಿಯ ಮುಖ್ಯ ಕಿಟಕಿಯಲ್ಲಿ ಆ ಬಾಕ್ಸಿನ ಕೆಳಗೆ ಇನ್ನೂ ಏನಾದರೂ ಓಡುತ್ತಿದೆಯೇ? ಪ್ರೋಗ್ರಾಂ ಮುಚ್ಚಿದ ಮೇಲೂ 'ಅಪ್‌ಡೇಟರ್', 'ಹೆಲ್ಪರ್' ಎಂಬ ಹೆಸರಿನವು ಉಳಿದಿದ್ದರೆ ಅವು ದಿನವಿಡೀ ನಿಮ್ಮ ರ‍್ಯಾಮ್ ತಿನ್ನುವಂಥವು. ಆಮೇಲೆ ಬಾಕ್ಸಿನ ಫೋಲ್ಡರ್ ತೆರೆದು 'ಡ್ರೈವ್' ಒಳಗಿನ 'ಸಿ'ಯಲ್ಲಿ ಪ್ರೋಗ್ರಾಂ ಫೈಲ್ಸ್ ನೋಡಿ. ನೀವು ಕೇಳಿದ್ದು ಒಂದು, ಅಲ್ಲಿ ಮೂರು ಫೋಲ್ಡರ್ ಇದ್ದರೆ ಉತ್ತರ ಸಿಕ್ಕಿತು. ಬಾಕ್ಸಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಲೀಟ್ ಕಂಟೆಂಟ್' ಕೊಡಿ. ಜೋಡಿಸಿದ ಪಿಡಿಎಫ್ ಬೇಕಿದ್ದರೆ ಅದಕ್ಕೂ ಮೊದಲು 'ರಿಕವರ್ ಫೈಲ್ಸ್'ನಿಂದ ಹೊರಗೆ ತೆಗೆದುಕೊಳ್ಳಿ; ಇಲ್ಲದಿದ್ದರೆ ಗ್ರಾಹಕರ ಕೆಲಸವೂ ಬಾಕ್ಸಿನ ಜೊತೆ ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಸಾಧಾರಣ ಬಾಕ್ಸ್ ತಡೆಯುವುದು ಬರೆಯುವುದನ್ನು, ಓದುವುದನ್ನಲ್ಲ. ಒಳಗಿರುವ ಪ್ರೋಗ್ರಾಂ ನಿಮ್ಮ 'ಡಾಕ್ಯುಮೆಂಟ್ಸ್' ಫೋಲ್ಡರ್ ತೆರೆದು ಓದಬಲ್ಲದು, ಇಂಟರ್‌ನೆಟ್ ಇದ್ದರೆ ಕಳಿಸಲೂಬಲ್ಲದು. ಸೈಬರ್ ಸೆಂಟರಿನ ಯಂತ್ರದಲ್ಲಿ ಊರಿನವರ ಆಧಾರ್, ಪಹಣಿ, ಪಾಸ್‌ಬುಕ್ಕಿನ ಸ್ಕ್ಯಾನ್‌ಗಳಿರುತ್ತವೆ. ಬಾಕ್ಸ್ ಇದೆಯೆಂದು ಅವುಗಳ ಬಗ್ಗೆ ನಿಶ್ಚಿಂತೆಯಿಂದಿರಬೇಡಿ. 'ಬಾಕ್ಸ್ ಆಪ್ಶನ್ಸ್'ನ 'ರಿಸೋರ್ಸ್ ಆ್ಯಕ್ಸೆಸ್' ವಿಭಾಗದಲ್ಲಿ ಆ ಫೋಲ್ಡರನ್ನು ಸೇರಿಸಿ 'ಕ್ಲೋಸ್ಡ್' ಎಂದು ಗುರುತಿಸಿ. 'ನೆಟ್‌ವರ್ಕ್' ವಿಭಾಗದಲ್ಲಿ ಇಂಟರ್‌ನೆಟ್ ತಡೆಯಿರಿ. ಪಿಡಿಎಫ್ ಜೋಡಿಸುವ ತಂತ್ರಾಂಶಕ್ಕೆ ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲ ಎಂದಾದರೆ ಏಕೆ ಎಂದು ಕೇಳಿಕೊಳ್ಳಬೇಕಾದ್ದೇ.

ಇನ್ನೆರಡು ತೊಡಕು. ಆ್ಯಂಟಿವೈರಸ್, ವಿಪಿಎನ್, ಸ್ಕ್ಯಾನರ್ ಮುಂತಾದವು ಡ್ರೈವರ್ ಹಾಕಬೇಕಾದ ತಂತ್ರಾಂಶಗಳು, ಅವು ಬಾಕ್ಸಿನಲ್ಲಿ ಓಡುವುದಿಲ್ಲ. 2103 ಸಂಖ್ಯೆಯ ಸಂದೇಶ ಬಂದರೆ ಕಾರಣ ಅದೇ, ಒತ್ತಾಯದಿಂದ ಅನುಮತಿ ಕೊಡಬೇಡಿ. ಎಂಎಸ್‌ಐ ಮಾದರಿಯ ಸೆಟಪ್ ಅರ್ಧದಲ್ಲಿ ನಿಂತರೆ ಬಾಕ್ಸ್ ಆಪ್ಶನ್ಸ್‌ನಲ್ಲಿ 'ಎಂಎಸ್‌ಐ ಸರ್ವರ್'ಗೆ ವಿನಾಯಿತಿ ಕೊಡುವ ಆಯ್ಕೆ ಇದೆ. ಅದನ್ನು ಪರೀಕ್ಷೆಗೆಂದೇ ಮಾಡಿದ ಬೇರೆ ಬಾಕ್ಸಿನಲ್ಲಿ ಮಾತ್ರ ಹಾಕಿ.

ಪ್ರಶ್ನೆ: ವಿಂಡೋಸ್ ಸ್ಯಾಂಡ್‌ಬಾಕ್ಸ್ ಹಾಕಲು ಹೋದರೆ ಆಯ್ಕೆಯೇ ಮಂಕಾಗಿದೆ, ಟಿಕ್ ಮಾಡಲು ಬರುತ್ತಿಲ್ಲ. ವಿಂಡೋಸ್ ಪ್ರೊ ಇದೆ.
— ಮೊಬೈಲ್ ಅಂಗಡಿಯವರು, ತರೀಕೆರೆ

ಉತ್ತರ: ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್'ನಲ್ಲಿ 'ಸಿಪಿಯು' ಒತ್ತಿ. ಕೆಳಗೆ 'ವರ್ಚುವಲೈಸೇಶನ್: ಡಿಸೇಬಲ್ಡ್' ಎಂದಿದ್ದರೆ, ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸುವ ಆ ಪ್ರೊಸೆಸರ್ ಸೌಲಭ್ಯ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಮುಚ್ಚಿದೆ. ಯಂತ್ರ ಆನ್ ಮಾಡುತ್ತಿದ್ದಂತೆ ಡೆಲ್, ಏಸರ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀಲಿ ಒತ್ತಿ. ಇಂಟೆಲ್ ಆದರೆ 'ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ', ಎಎಂಡಿ ಆದರೆ 'ಎಸ್‌ವಿಎಂ ಮೋಡ್' ಹುಡುಕಿ 'ಎನೇಬಲ್' ಮಾಡಿ ಉಳಿಸಿ. ಆಮೇಲೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್'ನಲ್ಲಿ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ.

ಕನಿಷ್ಠ 4 ಜಿಬಿ ರ‍್ಯಾಮ್, ಎರಡು ಕೋರ್, 1 ಜಿಬಿ ಖಾಲಿ ಜಾಗ ಸಾಕೆನ್ನುತ್ತದೆ ಮೈಕ್ರೋಸಾಫ್ಟ್. ಆದರೆ 4 ಜಿಬಿಯಲ್ಲಿ ಅದು ತೆವಳುತ್ತದೆ. 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ಮಾತ್ರ ಬಳಸುವ ಮನಸ್ಸಾದೀತು. ಇದಕ್ಕೆ ಬೇರೆ ವಿಂಡೋಸ್ ಡೌನ್‌ಲೋಡ್ ಮಾಡಬೇಕಿಲ್ಲ, ನಿಮ್ಮ ಯಂತ್ರದಲ್ಲಿರುವ ವಿಂಡೋಸ್ ಫೈಲ್‌ಗಳನ್ನೇ ಬಳಸಿಕೊಳ್ಳುತ್ತದೆ. ಇಂಟರ್‌ನೆಟ್ ನಿಧಾನವಿರುವ ಊರುಗಳಲ್ಲಿ ಇದು ದೊಡ್ಡ ಅನುಕೂಲ.

ಆದರೆ ಮೊದಲೇ ಗೊತ್ತಿರಲಿ: ಒಳಗಿನ ಪ್ರೋಗ್ರಾಂಗೆ ಇಂಟರ್‌ನೆಟ್ ತಾನಾಗೇ ತೆರೆದಿರುತ್ತದೆ, ಅಂಗಡಿಯ ನೆಟ್‌ವರ್ಕಿನ ಬೇರೆ ಕಂಪ್ಯೂಟರ್‌ಗಳನ್ನೂ ಅದು ತಲುಪಬಹುದು. ತಡೆಯಬೇಕಾದರೆ ನೋಟ್‌ಪ್ಯಾಡಿನಲ್ಲಿ 'ಕಾನ್ಫಿಗರೇಶನ್' ಟ್ಯಾಗಿನೊಳಗೆ 'ನೆಟ್‌ವರ್ಕಿಂಗ್' ಟ್ಯಾಗ್, ಅದರೊಳಗೆ 'ಡಿಸೇಬಲ್' ಎಂದು ಇಂಗ್ಲಿಷಿನಲ್ಲಿ ಬರೆದು 'ಡಬ್ಲ್ಯುಎಸ್‌ಬಿ' ವಿಸ್ತರಣೆಯಲ್ಲಿ ಉಳಿಸಿ. ಉಳಿಸುವಾಗ 'ಆಲ್ ಫೈಲ್ಸ್' ಆರಿಸದಿದ್ದರೆ ಕೊನೆಗೆ 'ಟಿಎಕ್ಸ್‌ಟಿ' ಅಂಟಿಕೊಂಡು ಕೆಲಸ ಮಾಡುವುದಿಲ್ಲ. ಆ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ನೆಟ್‌ವರ್ಕ್ ಇಲ್ಲದ ಸ್ಯಾಂಡ್‌ಬಾಕ್ಸ್ ತೆರೆಯುತ್ತದೆ. ಕಿಟಕಿ ಮುಚ್ಚಿದರೂ, ಕರೆಂಟ್ ಹೋದರೂ ಒಳಗಿದ್ದದ್ದು ಪೂರ್ತಿ ಅಳಿದುಹೋಗುತ್ತದೆ.

ಪ್ರಶ್ನೆ: ಡಿಟಿಪಿ ಕೆಲಸ ಮಾಡುತ್ತೇನೆ. ನುಡಿಯ ಹೊಸ ಆವೃತ್ತಿಯನ್ನು ಸ್ಯಾಂಡ್‌ಬಾಕ್ಸಿಯಲ್ಲಿ ಹಾಕಿ ನೋಡಿದೆ. ಅದರದೇ ಕಿಟಕಿಯಲ್ಲಿ ಕನ್ನಡ ಬರುತ್ತದೆ, ಆದರೆ ಹೊರಗಿನ ಪೇಜ್‌ಮೇಕರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ. ನುಡಿಯಲ್ಲೇ ದೋಷವೇ?
— ಡಿಟಿಪಿ ಕೆಲಸದವರು, ಚಿಕ್ಕಮಗಳೂರು

ಉತ್ತರ: ದೋಷ ನುಡಿಯದಲ್ಲ. ಕನ್ನಡ ಕೀಲಿಮಣೆ ತಂತ್ರಾಂಶ ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಮುಂದಕ್ಕೆ ಕೊಡುತ್ತದೆ. ಬಾಕ್ಸಿನೊಳಗಿನ ಪ್ರೋಗ್ರಾಂ ಹೊರಗಿನ ಪ್ರೋಗ್ರಾಂನ ಕೀಲಿಗಳನ್ನು ಹಾಗೆ ಹಿಡಿಯದಂತೆ ಸ್ಯಾಂಡ್‌ಬಾಕ್ಸಿ ತಡೆಯುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಇದೇ ಕೆಲಸವಾದ್ದರಿಂದ ಆ ತಡೆ ಬೇಕೇ ಬೇಕು. ಪೇಜ್‌ಮೇಕರನ್ನೂ ಅದೇ ಬಾಕ್ಸಿನಲ್ಲಿ ತೆರೆಯಿರಿ, ಆಗ ಪರೀಕ್ಷೆ ನಡೆಯುತ್ತದೆ. ಎರಡು ಬೇರೆ ಬಾಕ್ಸುಗಳಲ್ಲಿದ್ದರೆ ಆಗದು.

ಫಾಂಟ್ ಮಾತ್ರ ಬಾಕ್ಸಿನ ಹೊರಗೇ, ವಿಂಡೋಸ್‌ನಲ್ಲಿ ನೇರವಾಗಿ ಹಾಕಿ. ವಿಂಡೋಸ್ ಸ್ಯಾಂಡ್‌ಬಾಕ್ಸಿನಲ್ಲಿ ಹಳೆಯ ನುಡಿ ದಾಖಲೆ ತೆರೆದರೆ ಅಕ್ಷರವೆಲ್ಲ ಇಂಗ್ಲಿಷ್ ಕಲಸುಮೇಲೋಗರವಾಗಿ ಕಾಣುತ್ತದೆ. ಹಳೆಯ ಆನ್ಸಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಇಟ್ಟುಕೊಂಡಿವೆ, ಆ ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲ. ದಾಖಲೆ ಕೆಟ್ಟಿಲ್ಲ. ಗಾಬರಿಯಾಗಿ ಹಾಗೆಯೇ ಪರಿವರ್ತಕಕ್ಕೆ ಕೊಟ್ಟು ಮೂಲದ ಮೇಲೆ ಉಳಿಸಬೇಡಿ.

ಪ್ರಶ್ನೆ: ನಮ್ಮ ಕಾಫಿ ತೋಟದ ಚೆಕ್‌ರೋಲ್ ಮತ್ತು ಕೂಲಿ ಲೆಕ್ಕ ವಿಂಡೋಸ್ ಎಕ್ಸ್‌ಪಿ ಕಾಲದ ತಂತ್ರಾಂಶದಲ್ಲಿದೆ. ಮಾಡಿಕೊಟ್ಟವರು ಈಗ ಇಲ್ಲ. ಹಳೆಯ ಯಂತ್ರ ಆಗಾಗ ನಿಲ್ಲುತ್ತಿದೆ. ಹೊಸ ಯಂತ್ರದಲ್ಲಿ ಹಾಗೆಯೇ ನಡೆಸಬಹುದೇ? ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಪ್ರಿಂಟ್ ಹೋಗಬೇಕು.
— ಎಸ್ಟೇಟ್ ರೈಟರ್, ಮೂಡಿಗೆರೆ

ಉತ್ತರ: ಇಲ್ಲಿ ಸ್ಯಾಂಡ್‌ಬಾಕ್ಸ್ ಸಾಲದು, ಇಡೀ ಹಳೆಯ ಯಂತ್ರವನ್ನೇ ಹೊಸದರೊಳಗೆ ವರ್ಚುವಲ್ ಯಂತ್ರವಾಗಿ ಇಡಬೇಕು. ಒರಾಕಲ್‌ನ 'ವರ್ಚುವಲ್‌ಬಾಕ್ಸ್' ಸಾಕು. ಯಂತ್ರ ಪೂರ್ತಿ ನಿಲ್ಲುವ ಮೊದಲೇ ಮಾಡಿ, ಡಿಸ್ಕ್ ಸತ್ತ ಮೇಲೆ ಈ ದಾರಿ ಇಲ್ಲ.

ಮೊದಲಿಗೆ ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಬೇರೆ ಇಡಿ. ಹಳೆಯ ಯಂತ್ರ ಆಫ್ ಮಾಡಿ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸ ಯಂತ್ರಕ್ಕೆ ಸಿಕ್ಕಿಸಿ. ಅಗಲ ಚಪ್ಪಟೆ ಕೇಬಲ್ಲಿನ ಡಿಸ್ಕ್ ಆದರೆ ಐಡಿಇ ಅಡಾಪ್ಟರ್, ಕಿರಿದಾದ ಕೇಬಲ್ ಆದರೆ ಸಾಟಾ ಅಡಾಪ್ಟರ್ ಬೇಕು. ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನಿ. ಮೈಕ್ರೋಸಾಫ್ಟ್‌ನ ಉಚಿತ ಸಲಕರಣೆ 'ಡಿಸ್ಕ್2ವಿಎಚ್‌ಡಿ' ತೆರೆದು ಆ ಡಿಸ್ಕಿನ ಭಾಗಗಳನ್ನು ಮಾತ್ರ ಟಿಕ್ ಮಾಡಿ, ಹೊಸ ಯಂತ್ರದ ಸಿ ಡ್ರೈವನ್ನಲ್ಲ. 'ಯೂಸ್ ವಿಎಚ್‌ಡಿಎಕ್ಸ್' ಟಿಕ್ ತೆಗೆಯಿರಿ, ಆಗ ಡಿಸ್ಕಿನ ನಕಲು ವಿಎಚ್‌ಡಿ ಎಂಬ ಫೈಲಾಗಿ ಸಿಗುತ್ತದೆ. ವರ್ಚುವಲ್‌ಬಾಕ್ಸ್ ವಿಎಚ್‌ಡಿಎಕ್ಸ್ ಫೈಲನ್ನು ಓದಬಲ್ಲದು, ಬರೆಯಲಾರದು.

ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ ಎಕ್ಸ್‌ಪಿ 32 ಬಿಟ್ ಎಂದು ಹೊಸ ಯಂತ್ರ ಮಾಡಿ, 1 ಜಿಬಿ ರ‍್ಯಾಮ್, ಒಂದು ಪ್ರೊಸೆಸರ್ ಕೊಡಿ. 'ಸ್ಟೋರೇಜ್'ನಲ್ಲಿ ಈ ವಿಎಚ್‌ಡಿಯನ್ನು ಐಡಿಇ ಕಂಟ್ರೋಲರಿಗೇ ಸೇರಿಸಿ. ಹೆಚ್ಚಿನವರು ಎಡವುವುದು ಇಲ್ಲಿ: ಎಕ್ಸ್‌ಪಿಯಲ್ಲಿ ಸಾಟಾ ಡ್ರೈವರ್ ಇಲ್ಲದಿರುವುದರಿಂದ ಸಾಟಾಗೆ ಸೇರಿಸಿದರೆ 7ಬಿ ಎಂದು ಕೊನೆಯಾಗುವ ಸಂಖ್ಯೆಯ ನೀಲಿ ಪರದೆ ಬರುತ್ತದೆ. ಐಡಿಇಗೆ ಸೇರಿಸಿದ ಮೇಲೂ ಅದೇ ಬಂದರೆ ಹಳೆಯ ಮದರ್‌ಬೋರ್ಡಿನ ಐಡಿಇ ಡ್ರೈವರ್ ಅಡ್ಡಬಂದಿದೆ. ಡಿಸ್ಕನ್ನು ಹಳೆಯ ಯಂತ್ರಕ್ಕೆ ಮರಳಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಕಂಟ್ರೋಲರಿನ ಡ್ರೈವರನ್ನು 'ಸ್ಟ್ಯಾಂಡರ್ಡ್ ಡ್ಯುಯಲ್ ಚಾನಲ್' ಎಂಬುದಕ್ಕೆ ಬದಲಿಸಿ, ಯಂತ್ರ ಆಫ್ ಮಾಡಿ ಮತ್ತೆ ನಕಲು ತೆಗೆಯಿರಿ. ಯಂತ್ರಾಂಶ ಬದಲಾಗಿದೆಯೆಂದು ಎಕ್ಸ್‌ಪಿ ಮತ್ತೆ ಆ್ಯಕ್ಟಿವೇಶನ್ ಕೇಳಬಹುದು. ಯಂತ್ರದ ಜೊತೆಗೇ ಬಂದ ಪರವಾನಗಿ ಆ ಯಂತ್ರಕ್ಕೆ ಮಾತ್ರ ಸೇರಿದ್ದು, ಬೇರೆ ಪರವಾನಗಿ ಹೊಂದಿಸಿಕೊಳ್ಳಬೇಕು.

ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತಿದೆ. ಆದ್ದರಿಂದ ನೆಟ್‌ವರ್ಕ್ 'ಹೋಸ್ಟ್ ಓನ್ಲಿ' (ಹೊಸ ಯಂತ್ರದ ಜೊತೆ ಮಾತ್ರ ಸಂಪರ್ಕ) ಇರಲಿ, ಇಂಟರ್‌ನೆಟ್ ಬೇಡವೇ ಬೇಡ. ಪ್ರಿಂಟರಿಗೆ ಯುಎಸ್‌ಬಿ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ 2.0 ಆರಿಸಿ (3.0ಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರ್ ಇಲ್ಲ), ಪ್ರಿಂಟರಿಗೆ ಒಂದು ಯುಎಸ್‌ಬಿ ಫಿಲ್ಟರ್ ಸೇರಿಸಿ, ಎಕ್ಸ್‌ಪಿಯೊಳಗೆ ಅದರ ಡ್ರೈವರ್ ಹಾಕಿ. ನಿಮ್ಮ ತಂತ್ರಾಂಶ ನೇರವಾಗಿ ಎಲ್‌ಪಿಟಿ1ಕ್ಕೆ (ಹಳೆಯ ಪ್ರಿಂಟರ್ ಪೋರ್ಟ್) ಕಳಿಸುವಂಥದ್ದಾದರೆ ಎಕ್ಸ್‌ಪಿಯೊಳಗೇ ಆ ಪ್ರಿಂಟರನ್ನು 'ಶೇರ್' ಮಾಡಿ, ಕಮಾಂಡ್ ಕಿಟಕಿಯಲ್ಲಿ 'ನೆಟ್ ಯೂಸ್' ಆದೇಶದಿಂದ ಎಲ್‌ಪಿಟಿ1ನ್ನು ಆ ಶೇರ್ ಹೆಸರಿಗೆ ಜೋಡಿಸಿ.

ಎಲ್ಲ ಸರಿಯಾದ ದಿನ ವರ್ಚುವಲ್ ಯಂತ್ರವನ್ನು ಆಫ್ ಮಾಡಿ 'ಸ್ನ್ಯಾಪ್‌ಶಾಟ್' ತೆಗೆಯಿರಿ, ಅಂದರೆ ಆ ಹೊತ್ತಿನ ಸ್ಥಿತಿಯನ್ನು ಮರಳಿ ಬರಲೆಂದು ಉಳಿಸಿಡಿ. ಆದರೆ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಅದೂ ಅದೇ ಡಿಸ್ಕಿನಲ್ಲಿ ಕೂತಿರುತ್ತದೆ. ಹಿಂದಿನ ಸ್ನ್ಯಾಪ್‌ಶಾಟಿಗೆ ಮರಳಿದರೆ ಆಮೇಲೆ ಬರೆದ ಕೂಲಿ ಲೆಕ್ಕವೂ ಅಳಿಯುತ್ತದೆ. ವಾರದ ಬಟವಾಡೆ ಮುಗಿದ ಮೇಲೆ ಲೆಕ್ಕದ ಫೋಲ್ಡರನ್ನು ಹೊರಗೆ ನಕಲು ಮಾಡುವ ರೂಢಿ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಇಡೀ ವರ್ಚುವಲ್ ಯಂತ್ರವನ್ನು 'ಎಕ್ಸ್‌ಪೋರ್ಟ್ ಅಪ್ಲಯನ್ಸ್' ಮಾಡಿ ಹೊರಗಿನ ಡಿಸ್ಕಿನಲ್ಲಿಡಿ. ಮಳೆಗಾಲದ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದೆ ಇದನ್ನು ನಡೆಸಲೇಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಎಕ್ಸ್‌ಪಿಯ ಡಿಸ್ಕೆಲ್ಲ ಒಂದೇ ಫೈಲಿನಲ್ಲಿ ಇರುವುದರಿಂದ ಪೆಟ್ಟು ದೊಡ್ಡದು.

ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆ ಕಂಡರೆ ವಿಂಡೋಸ್‌ನ ಹೈಪರ್‌-ವಿ (ವಿಂಡೋಸ್‌ನದೇ ವರ್ಚುವಲ್ ಯಂತ್ರದ ವ್ಯವಸ್ಥೆ) ಮುಂಚೆಯೇ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ಹಿಡಿದುಕೊಂಡಿದೆ ಎಂದರ್ಥ. ವಿಂಡೋಸ್ ಸ್ಯಾಂಡ್‌ಬಾಕ್ಸ್ ಹಾಕಿದ್ದರೂ ಹೀಗಾಗುತ್ತದೆ. ಲೆಕ್ಕದ ತಂತ್ರಾಂಶಕ್ಕೆ ಆ ನಿಧಾನ ಅಷ್ಟೇನೂ ತೊಂದರೆ ಕೊಡದು.

ಪ್ರಶ್ನೆ: ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ನಿನ ತಂತ್ರಾಂಶದ ಹೊಸ ಆವೃತ್ತಿಯನ್ನು ವಿಂಡೋಸ್ ಸ್ಯಾಂಡ್‌ಬಾಕ್ಸಿನಲ್ಲಿ ಪರೀಕ್ಷಿಸಲು ಹೋದೆ. ಟೋಕನ್ ಕಾಣುತ್ತಲೇ ಇಲ್ಲ.
— ತೆರಿಗೆ ಸಲಹೆಗಾರರು, ಹಾಸನ

ಉತ್ತರ: ವಿಂಡೋಸ್ ಸ್ಯಾಂಡ್‌ಬಾಕ್ಸಿಗೆ ಯುಎಸ್‌ಬಿ ಸಾಧನವನ್ನು ಒಳಗೆ ಒಯ್ಯಲು ಬರುವುದಿಲ್ಲ. ಸ್ಯಾಂಡ್‌ಬಾಕ್ಸಿಯೂ ಬೇಡ, ಟೋಕನ್ನಿಗೆ ಡ್ರೈವರ್ ಬೇಕಲ್ಲ. ಈ ಕೆಲಸಕ್ಕೆ ವರ್ಚುವಲ್‌ಬಾಕ್ಸೇ ಸರಿ. ಒಳಗಿನ ವಿಂಡೋಸ್‌ಗೂ ಪರವಾನಗಿ ಬೇಕು, ಪರೀಕ್ಷೆಗಷ್ಟೇ ಆದರೆ ಮೈಕ್ರೋಸಾಫ್ಟ್ ಕೊಡುವ 90 ದಿನಗಳ ಎಂಟರ್‌ಪ್ರೈಸ್ ಮೌಲ್ಯಮಾಪನ ಪ್ರತಿ ಸಾಕು. ಅದರ ಐಎಸ್‌ಒ ಕೆಲವು ಜಿಬಿ ಇರುತ್ತದೆ, ರಾತ್ರಿ ಡೌನ್‌ಲೋಡಿಗೆ ಬಿಡಿ.

ಹೊಸ ತಂತ್ರಾಂಶ ಹಾಕುವ ಮೊದಲು ಸ್ನ್ಯಾಪ್‌ಶಾಟ್. ಆಮೇಲೆ 'ಡಿವೈಸಸ್' ಮೆನುವಿನ 'ಯುಎಸ್‌ಬಿ'ಯಲ್ಲಿ ಟೋಕನ್ ಆರಿಸಿ. ಒಳಗೆ ಹೋದೊಡನೆ ಹೊರಗಿನ ವಿಂಡೋಸ್‌ಗೆ ಅದು ಕಾಣುವುದಿಲ್ಲ, ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಈ ಪ್ರಯೋಗ ಬೇಡ. ಪಿನ್ ತಪ್ಪುತ್ತ ಹೋದರೆ ಟೋಕನ್ ಲಾಕ್ ಆಗುತ್ತದೆ. ಸ್ನ್ಯಾಪ್‌ಶಾಟಿಗೆ ಮರಳಿದರೂ ಆ ಲಾಕ್ ತೆರೆಯದು, ಏಕೆಂದರೆ ಎಣಿಕೆ ಇರುವುದು ಟೋಕನ್ನಿನೊಳಗೆ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದೇ ತಂತ್ರಾಂಶದ ಎರಡು ಆವೃತ್ತಿ ಬೇಕು, ಒಂದು ಹಾಕಿದರೆ ಇನ್ನೊಂದು ಕೆಡುತ್ತದೆ. ಅಪ್ಲಿಕೇಶನ್ ವರ್ಚುವಲೈಸೇಶನ್ ಎಂದರೆ ಇದಕ್ಕೇ ಅಲ್ಲವೇ?
— ಲ್ಯಾಬ್ ಸಹಾಯಕರು, ಹಾಸನ

ಉತ್ತರ: ಹೌದು, ಅದು ಹುಟ್ಟಿದ್ದೇ ಇಂಥ ತಿಕ್ಕಾಟ ತಪ್ಪಿಸಲು. ವರ್ಚುವಲ್ ಯಂತ್ರ ಇಡೀ ಕಂಪ್ಯೂಟರನ್ನು ನಕಲು ಮಾಡಿದರೆ, ಇದು ಒಂದು ಪ್ರೋಗ್ರಾಂಗೆ ಬೇಕಾದ ಫೈಲು, ರಿಜಿಸ್ಟ್ರಿಗಳನ್ನಷ್ಟೇ ಗಂಟು ಕಟ್ಟಿ ಬೇರೆ ಇಡುತ್ತದೆ. ಮೈಕ್ರೋಸಾಫ್ಟ್ 2006ರಲ್ಲಿ ಸಾಫ್ಟ್ರಿಸಿಟಿ ಕಂಪನಿಯನ್ನು ಕೊಂಡು ಅದನ್ನು 'ಆ್ಯಪ್‌-ವಿ' ಮಾಡಿತು, ವಿಎಂವೇರ್ 2008ರಲ್ಲಿ ಥಿನ್‌ಸ್ಟಾಲ್ ಕೊಂಡು 'ಥಿನ್‌ಆ್ಯಪ್' ಎಂದು ಹೆಸರಿಟ್ಟಿತು.

ನಿಮ್ಮ ಲ್ಯಾಬಿನಲ್ಲಿ ವಿಂಡೋಸ್ ಎಜುಕೇಶನ್ ಅಥವಾ ಎಂಟರ್‌ಪ್ರೈಸ್ ಇದ್ದರೆ ಆ್ಯಪ್‌-ವಿ ಕ್ಲೈಂಟ್ ಒಳಗೇ ಇದೆ, ವಿಂಡೋಸ್‌ನ ಆದೇಶ ಕಿಟಕಿಯಾದ ಪವರ್‌ಶೆಲ್‌ನಲ್ಲಿ 'ಎನೇಬಲ್‌-ಆ್ಯಪ್‌ವಿ' ಆದೇಶ ಕೊಟ್ಟು ಎಬ್ಬಿಸಬೇಕು. ಗಂಟು ಕಟ್ಟುವ 'ಸೀಕ್ವೆನ್ಸರ್' ವಿಂಡೋಸ್ ಎಡಿಕೆ ಎಂಬ ಮೈಕ್ರೋಸಾಫ್ಟ್ ಸಲಕರಣೆಗಳ ಕಟ್ಟಿನಲ್ಲಿ ಸಿಗುತ್ತದೆ. ಅದನ್ನು ಏನೂ ಹಾಕದ ಶುದ್ಧ ವರ್ಚುವಲ್ ಯಂತ್ರದಲ್ಲಿ ಓಡಿಸಿ, ವಿಂಡೋಸ್ ಅಪ್‌ಡೇಟ್, ಡಿಫೆಂಡರ್, ಸರ್ಚ್ ನಿಲ್ಲಿಸಿ. ಅನುಸ್ಥಾಪನೆಯ ವೇಳೆ ಯಂತ್ರದಲ್ಲಿ ಏನೇನು ಬದಲಾಯಿತೋ ಎಲ್ಲವನ್ನೂ ಅದು ದಾಖಲಿಸುವುದರಿಂದ ಅವು ಓಡುತ್ತಿದ್ದರೆ ಅವುಗಳ ಕಸವೂ ಗಂಟಿಗೆ ಸೇರುತ್ತದೆ. ಪ್ರತಿ ಪ್ಯಾಕೇಜಿಗೂ ಮೊದಲು ಆ ಯಂತ್ರವನ್ನು ಶುದ್ಧ ಸ್ನ್ಯಾಪ್‌ಶಾಟಿಗೆ ಮರಳಿಸಿ.

ಆ್ಯಪ್‌-ವಿಯ ಸರ್ವರ್ ಭಾಗಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ ಬೆಂಬಲದ ಗಡುವು 2026ರ ಏಪ್ರಿಲ್. ಹಾಗಾಗಿ ಸರ್ವರ್ ಕಟ್ಟಲು ಹೋಗದೆ ಪ್ರತಿ ಯಂತ್ರದಲ್ಲೂ ಪವರ್‌ಶೆಲ್‌ನಿಂದ ಪ್ಯಾಕೇಜ್ ಸೇರಿಸಿ ಪ್ರಕಟಿಸುವುದು ಮೇಲು. ಡ್ರೈವರ್ ಬೇಕಾದ ತಂತ್ರಾಂಶ ಇಲ್ಲೂ ಆಗುವುದಿಲ್ಲ. ಎರಡೇ ಯಂತ್ರದ ಮಾತಾದರೆ ಇಷ್ಟೆಲ್ಲ ಬೇಡ, ಸ್ಯಾಂಡ್‌ಬಾಕ್ಸಿಯಲ್ಲಿ ಎರಡು ಬಾಕ್ಸ್ ಮಾಡಿ ಒಂದೊಂದರಲ್ಲಿ ಒಂದೊಂದು ಆವೃತ್ತಿ ಹಾಕಿ.

ಪ್ರಶ್ನೆ: ಟರ್ಬೊ ಸಿ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ.
— ಬಿಸಿಎ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಸಿ ಭಾಷೆ ಕಲಿಯಲು ಬಳಸುವ ಟರ್ಬೊ ಸಿ ಹಳೆಯ 16 ಬಿಟ್ ಡಾಸ್ ಪ್ರೋಗ್ರಾಂ, 64 ಬಿಟ್ ವಿಂಡೋಸ್ ಅಂಥವನ್ನು ಓಡಿಸುವುದಿಲ್ಲ. 'ಕಂಪ್ಯಾಟಿಬಿಲಿಟಿ ಮೋಡ್' ಹಾಕಿಯೂ ಪ್ರಯೋಜನವಿಲ್ಲ. 'ಡಾಸ್‌ಬಾಕ್ಸ್' ಹಾಕಿ, 'ಮೌಂಟ್' ಆದೇಶದಿಂದ ಟರ್ಬೊ ಸಿ ಇರುವ ಫೋಲ್ಡರನ್ನು ಸಿ ಡ್ರೈವಾಗಿ ಜೋಡಿಸಿ ಒಳಗಿನಿಂದ ತೆರೆಯಿರಿ. ಇಡೀ ಸಿ ಡ್ರೈವನ್ನು ಮೌಂಟ್ ಮಾಡಬೇಡಿ, ಒಳಗಿನ ಪ್ರೋಗ್ರಾಂ ನಿಮ್ಮ ನಿಜವಾದ ಫೈಲುಗಳನ್ನು ಅಳಿಸಬಲ್ಲದು. ಕಾಲೇಜಿನ ಪರೀಕ್ಷೆಗೆ ಟರ್ಬೊ ಸಿಯೇ ಬೇಕೆಂದಿದ್ದರೆ ಬಳಸಿ. ಕಲಿಯಲು ಇಂದಿನ ಜಿಸಿಸಿ ಕಂಪೈಲರ್ ಹಾಕಿಕೊಳ್ಳಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ವೈರಸ್ ಇರುವ ಅನುಮಾನ. ಸ್ಯಾಂಡ್‌ಬಾಕ್ಸಿನೊಳಗೆ ಬ್ರೌಸರ್ ತೆರೆದು ಬ್ಯಾಂಕ್ ವ್ಯವಹಾರ ಮಾಡಬಹುದೇ?
— ಗೃಹಿಣಿ, ಬೇಲೂರು

ಉತ್ತರ: ಬೇಡಮ್ಮ. ಒಳಗಿನದು ಹೊರಗೆ ಬರದಂತೆ ಸ್ಯಾಂಡ್‌ಬಾಕ್ಸ್ ತಡೆಯುತ್ತದೆ, ಹೊರಗಿನದು ಒಳಗೆ ನೋಡದಂತೆ ತಡೆಯುವುದಿಲ್ಲ. ಹೊರಗೆ ಕೀಲಾಗರ್ ಇದ್ದರೆ ನೀವು ಒಳಗೆ ಒತ್ತಿದ ಪಾಸ್‌ವರ್ಡೂ ಅದಕ್ಕೆ ಸಿಗುತ್ತದೆ. ಆ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ ಸರಿಮಾಡಿಸಿ. ಅಲ್ಲಿಯವರೆಗೆ ಬ್ಯಾಂಕಿನ ಕೆಲಸ ಮೊಬೈಲಿನಲ್ಲಿ ಅಥವಾ ನಂಬಿಕೆಯ ಬೇರೆ ಕಂಪ್ಯೂಟರಿನಲ್ಲಿ ಮಾಡಿ, ಪಾಸ್‌ವರ್ಡನ್ನೂ ಅಲ್ಲಿಂದಲೇ ಇವತ್ತೇ ಬದಲಿಸಿ.